ಮುಗುಡಿನ ದಾಯಾದಿ ಬಂದ ದಾರಿ

ಮೊದಲ ಮಳೆನೀರಿಗೆ ಗದ್ದೆಗೆ ಹತ್ತುವ ಮುಗುಡು ನಮ್ಗೆಲ್ಲ ಗೊತ್ತು. ನೀರಿಂದ ಹೊರಗೆ ಹಾಕಿದ್ರೂ ಗಂಟೆಗಟ್ಟಲೆ ಬದುಕ್ತದೆ. ಕಿವಿರಿನ ಮೇಲೆ ಮರದ ಗೆಲ್ಲಿನ ಹಾಗೆ ಕವಲೊಡೆದ ಅಂಗ ಉಂಟು, ಅದರಿಂದ ಗಾಳಿಯನ್ನೇ ಉಸಿರಾಡ್ತದೆ.

ಇದರ ದಾಯಾದಿ ಆಫ್ರಿಕನ್ ಕ್ಯಾಟ್‌ಫಿಶ್. ದಕ್ಷಿಣ ಆಫ್ರಿಕಾದ ಗರೀಪ್ ನದಿಯ ಹೆಸರನ್ನೇ ಬರ್ಚೆಲ್ ಎಂಬವನು 1822ರಲ್ಲಿ ಅದಕ್ಕೆ ಇಟ್ಟ. 1990ರ ದಶಕದಲ್ಲಿ ಅದು ಬಾಂಗ್ಲಾದೇಶದ ಕಡೆಯಿಂದ ಕದ್ದುಮುಚ್ಚಿ ನಮ್ಮ ದೇಶಕ್ಕೆ ಬಂತು. ಬೇಗ ಬೆಳೀತದೆ, ಕೋಳಿ ತ್ಯಾಜ್ಯವನ್ನೂ ತಿನ್ತದೆ ಅಂತ ಜನ ಸಾಕಿದ್ರು. ಆದ್ರೆ ಹೊಂಡ ತುಂಬಿ ಹರಿದ್ರೆ ತೋಡಿಗೆ ಇಳಿದು, ಸಿಕ್ಕಿದ ಮೀನು, ಕಪ್ಪೆ ಎಲ್ಲ ನುಂಗ್ತದೆ. 2000ದಲ್ಲಿ ಸರ್ಕಾರ ನಿಷೇಧಿಸಿತು. 2019ರಲ್ಲಿ ಹಸಿರು ನ್ಯಾಯಮಂಡಳಿ ಮತ್ತೆ ಖಡಕ್ಕಾಗಿ ಹೇಳಿತು. ಆದ್ರೂ ಸಾಕಣೆ ಪೂರ್ತಿ ನಿಂತಿಲ್ಲ.

ಅಮೆರಿಕದ ಫ್ಲೋರಿಡಾದ ಕತೆಯೂ ಇದೇ. 1960ರ ದಶಕದಲ್ಲಿ ಥಾಯ್ಲೆಂಡಿನಿಂದ ತಂದ ಮುಗುಡಿನ ಜಾತಿ ಅಲ್ಲಿ ಸಾಕಣೆಯಿಂದ ತಪ್ಪಿಸ್ಕೊಂಡಿತು. ಮಳೆಯ ರಾತ್ರಿ ನೆಲದ ಮೇಲೆ ತೆವಳಿ ಹೊಂಡಕ್ಕೆ ನುಗ್ಗುವ ಅದನ್ನು ತಡೆಯಲಿಕ್ಕೆ ಅಲ್ಲಿಯ ಮೀನು ಸಾಕಣೆದಾರರು ಬೇಲಿಯನ್ನೇ ಹಾಕ್ಬೇಕಾಯ್ತು.

ಅದಕ್ಕೇ ನಾನು ಹೇಳುವುದು: ಕಡಿಮೆ ರೇಟಿಗೆ ಮರಿ ಸಿಕ್ತದೆ ಅಂದ್ರೆ ಯಾವ ಜಾತಿ ಅಂತ ಮೊದಲು ಕೇಳಿ. ಹೊಂಡ ನಮ್ದು ಇರಬಹುದು, ತೋಡು ಊರಿನದ್ದು.