ಕೊಡದೆ ಉಳಿದ ಒಂದು ಉತ್ತರ



1993ರ ನವೆಂಬರ್ ತಿಂಗಳಲ್ಲಿ ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದು ಐರೋಪ್ಯ ಒಕ್ಕೂಟವು ರೂಪುಗೊಂಡಿತು. ಆ ಸುದ್ದಿಯನ್ನು ಹತ್ತನೆಯ ತರಗತಿಯಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಅಲ್ಲಿನ ಜನರನ್ನು ಕೇಳಿದ್ದರಾ?” ಎಂದಳು. “ಸರ್ಕಾರಗಳು ಒಪ್ಪಿದರೆ ಜನ ಒಪ್ಪಿದಂತೆಯೇ, ಕುಳಿತುಕೋ” ಎಂದುಬಿಟ್ಟೆ. ಆ ಉತ್ತರ ಎಷ್ಟು ತಪ್ಪಾಗಿತ್ತೆಂಬುದು ನಿವೃತ್ತಿಯ ಬಿಡುವಿನಲ್ಲಿ ಓದುತ್ತಾ ಹೋದಂತೆ ನನಗೆ ತಿಳಿಯಿತು.

ಡೆನ್ಮಾರ್ಕಿನ ಮತದಾರರು 1992ರ ಜೂನ್‌ನಲ್ಲೇ ಆ ಒಪ್ಪಂದವನ್ನು ತಿರಸ್ಕರಿಸಿದ್ದರು. ಕೆಲವು ವಿನಾಯಿತಿಗಳು ದೊರೆತ ಮೇಲೆ ಮರುವರ್ಷ ಒಪ್ಪಿದರು. ಒಕ್ಕೂಟದ ನಾಯಕರು ಇದರಿಂದ ಹೆಚ್ಚೇನೂ ಕಲಿಯಲಿಲ್ಲ. ಫ್ರಾನ್ಸಿನ ಮಾಜಿ ಅಧ್ಯಕ್ಷ ಜಿಸ್ಕಾರ್ ದೆಸ್ತ್ಯಾಂಗ್ ಅವರ ಅಧ್ಯಕ್ಷತೆಯ ಸಮಾವೇಶವು 2003ರಲ್ಲಿ ಒಕ್ಕೂಟಕ್ಕೊಂದು ಸಂವಿಧಾನದ ಕರಡನ್ನು ಸಿದ್ಧಪಡಿಸಿತು. ಜನಸಾಮಾನ್ಯರಿಗೆ ಉಳಿದದ್ದು ಕೊನೆಯಲ್ಲಿ ಬೇಕು, ಬೇಡ ಎನ್ನುವುದಷ್ಟೆ. 2005ರಲ್ಲಿ ಫ್ರಾನ್ಸಿನ ಸುಮಾರು ಶೇಕಡಾ 55, ನೆದರ್‌ಲ್ಯಾಂಡ್ಸ್‌ನ ಶೇಕಡಾ 61ಕ್ಕೂ ಹೆಚ್ಚು ಮತದಾರರು ಬೇಡವೆಂದರು. ಆದರೂ ಅದರ ಬಹುಪಾಲು ಅಂಶಗಳು 2007ರ ಲಿಸ್ಬನ್ ಒಪ್ಪಂದದಲ್ಲಿ ಮರಳಿ ಬಂದವು. ಈ ಬಾರಿ ಜನಮತಗಣನೆ ನಡೆದದ್ದು ಐರ್ಲೆಂಡಿನಲ್ಲಿ ಮಾತ್ರ. 2008ರಲ್ಲಿ ಬೇಡವೆಂದ ಅಲ್ಲಿನ ಜನರನ್ನು, ಕೆಲವು ಭರವಸೆಗಳನ್ನಿತ್ತು, 2009ರಲ್ಲಿ ಮತ್ತೊಮ್ಮೆ ಕೇಳಿ ಒಪ್ಪಿಗೆ ಪಡೆಯಲಾಯಿತು.

ಆದರೆ ಅದೇ ಲಿಸ್ಬನ್ ಒಪ್ಪಂದವು ಜನರಿಗೊಂದು ಬಾಗಿಲನ್ನೂ ತೆರೆಯಿತು. ಹಲವು ಸದಸ್ಯ ರಾಷ್ಟ್ರಗಳಿಂದ 10 ಲಕ್ಷ ಸಹಿಗಳು ಸೇರಿದರೆ ಐರೋಪ್ಯ ಆಯೋಗವು ಆ ಬೇಡಿಕೆಯನ್ನು ಪರಿಶೀಲಿಸಿ ಉತ್ತರಿಸಲೇಬೇಕು. 2012ರಲ್ಲಿ ಈ ವ್ಯವಸ್ಥೆ ಜಾರಿಗೆ ಬಂದಿತು. ನೀರು ಮನುಷ್ಯನ ಹಕ್ಕೆಂದು ಸಾರಿದ ಮನವಿಗೆ 16 ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. 2020ರಲ್ಲಿ ಪರಿಷ್ಕೃತಗೊಂಡ ಕುಡಿಯುವ ನೀರಿನ ಕಾನೂನಿನ ಹಿಂದೆ ಆ ಒತ್ತಾಯವಿತ್ತು.

2021ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ಆರಿಸಿದ 800 ಸಾಮಾನ್ಯ ನಾಗರಿಕರು ನಾಲ್ಕು ತಂಡಗಳಾಗಿ ಕುಳಿತು ಚರ್ಚಿಸಿದರು. ಅವರಲ್ಲಿ ಮೂರನೆಯ ಒಂದು ಭಾಗ 16ರಿಂದ 25 ವರ್ಷದವರು. ಜನಪ್ರತಿನಿಧಿಗಳೂ ಸೇರಿದ ಆ ಮಹಾಸಭೆಯ 49 ಪ್ರಸ್ತಾವಗಳು 2022ರ ಮೇ 9ರಂದು ಸಲ್ಲಿಕೆಯಾದವು. ಅದೇ ದಿನ 13 ಸದಸ್ಯ ರಾಷ್ಟ್ರಗಳು, ಒಪ್ಪಂದವನ್ನು ಬದಲಿಸಲು ಆತುರ ಬೇಡವೆಂದು ಹೇಳಿಕೆಯಿತ್ತವು. 2023ರಲ್ಲಿ ಐರೋಪ್ಯ ಸಂಸತ್ತು ತಿದ್ದುಪಡಿಗಳನ್ನು ಮುಂದಿಟ್ಟರೂ ರಾಷ್ಟ್ರನಾಯಕರು ಅದಕ್ಕಾಗಿ ಸಮಾವೇಶ ಕರೆಯಲು ಮುಂದಾಗಲಿಲ್ಲ.

ಜನರನ್ನು ಕೇಳುವುದು ಬೇರೆ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ. ಅಂದು ತರಗತಿಯಲ್ಲಿ ನಾನೂ ಕೇಳಿಸಿಕೊಳ್ಳಲಿಲ್ಲ. ಇದನ್ನು ಓದುತ್ತಿದ್ದರೆ, ತಾಯಿ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ತಡವಾದದ್ದಕ್ಕೆ ಕ್ಷಮೆಯಿರಲಿ.