ನಿಲ್ಲುವುದನ್ನು ಕಲಿತ ಕಾರು

ಕಾರು ಎಷ್ಟು ವೇಗವಾಗಿ ಓಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಬೇಗ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. 1948ರಲ್ಲಿ ಲಂಡನ್ ಮೋಟಾರು ಪ್ರದರ್ಶನದಲ್ಲಿ ಬ್ರಿಟನ್ನಿನ ಜಾಗ್ವಾರ್ ಕಂಪೆನಿ ತನ್ನ ಎಕ್ಸ್‌ಕೆ 120 ಕಾರನ್ನು ಜನರ ಮುಂದಿಟ್ಟಾಗ ಆದದ್ದೂ ಇದೇ. ಹೆಸರಿನಲ್ಲಿರುವ 120 ಎಂದರೆ ಗಂಟೆಗೆ 120 ಮೈಲಿ, ಅಂದರೆ ಸುಮಾರು 193 ಕಿಲೋಮೀಟರು. ಆ ವೇಗವನ್ನು ತಡೆಯಲು ಅದಕ್ಕಿದ್ದದ್ದು ನಾಲ್ಕು ಡ್ರಮ್ ಬ್ರೇಕುಗಳು.

ಡ್ರಮ್ ಎಂದರೆ ಚಕ್ರದೊಂದಿಗೆ ತಿರುಗುವ ಲೋಹದ ಡಬರಿ ಎಂದುಕೊಳ್ಳಿ. ಒಳಗೆ ಎರಡು ಬಾಗಿದ ಶೂಗಳು. ಪೆಡಲ್ ಒತ್ತಿದರೆ ಅವು ಅಗಲಿಸಿಕೊಂಡು ಡಬರಿಯ ಒಳಮೈಗೆ ಉಜ್ಜುತ್ತವೆ, ಚಕ್ರ ನಿಧಾನವಾಗುತ್ತದೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ರೂಪಿಸಿದ ಈ ವ್ಯವಸ್ಥೆ ಅರ್ಧ ಶತಮಾನ ರಸ್ತೆಯನ್ನಾಳಿತು.

ಸ್ವಾರಸ್ಯವೆಂದರೆ, ಅದೇ 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಚಕ್ರದೊಂದಿಗೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಚಿಮಟಿಗೆಯಂತೆ ಹಿಡಿಯುವ ಉಪಾಯ ಅದು. ಆದರೆ ತಾಮ್ರದ ಪಟ್ಟಿ ಲೋಹದ ತಟ್ಟೆಗೆ ಉಜ್ಜಿದಾಗ ಕಿವಿ ಗಡಚಿಕ್ಕುವ ಕಿರುಚಾಟ. ಅಂದಿನ ರಸ್ತೆಯ ಧೂಳಿಗೆ ಪಟ್ಟಿ ಬೇಗ ಸವೆದುಹೋಗುತ್ತಿತ್ತು. ಯೋಚನೆ ಸರಿಯಿತ್ತು, ಕಾಲ ಕೂಡಿಬಂದಿರಲಿಲ್ಲ.

ಡ್ರಮ್ಮಿನ ಶತ್ರು ಶಾಖ. ಮುಚ್ಚಿದ ಡಬರಿಯೊಳಗಿನ ಬಿಸಿ ಹೊರಹೋಗಲು ದಾರಿಯಿಲ್ಲ. ಪದೇ ಪದೇ ಬ್ರೇಕ್ ಹಾಕಿದರೆ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಹಳೆಯ ಅಂಬಾಸಡರ್ ಇಳಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತಿದ ಗೇರಿನಲ್ಲೇ ಇಳಿ ಎಂಬ ಹಳೆಯ ಚಾಲಕರ ಬುದ್ಧಿವಾದ ಹುಟ್ಟಿದ್ದು ಈ ಭಯದಿಂದಲೇ.

ಪರಿಹಾರ ಬಂದದ್ದು ಆಕಾಶದಿಂದ. ವಿಮಾನಗಳಿಗೆ ಡಿಸ್ಕ್ ಬ್ರೇಕ್ ತಯಾರಿಸುತ್ತಿದ್ದ ಡನ್‌ಲಪ್ ಕಂಪೆನಿ ಜಾಗ್ವಾರ್ ಜೊತೆ ಸೇರಿ ಅದನ್ನು ಕಾರಿಗೆ ಹೊಂದಿಸಿತು. 1952ರಲ್ಲಿ ಸ್ಟರ್ಲಿಂಗ್ ಮಾಸ್ ಇಂಥ ಬ್ರೇಕಿನ ಸಿ–ಟೈಪ್ ಜಾಗ್ವಾರ್ ಓಡಿಸಿ ಫ್ರಾನ್ಸಿನ ರೀಮ್ಸ್‌ನಲ್ಲಿ ಗೆದ್ದರು. ಮರುವರ್ಷ ಲ ಮಾನ್‌ನ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಸಿ–ಟೈಪ್‌ನಲ್ಲೇ ಜಯ ಸಾಧಿಸಿದರು. ಅವರ ಸರಾಸರಿ ವೇಗ ಗಂಟೆಗೆ ಸುಮಾರು 170 ಕಿ.ಮೀ. ಎದುರಾಳಿಗಳು ತಿರುವಿಗೆ ಬಹುದೂರವಿರುವಾಗಲೇ ಬ್ರೇಕ್ ಒತ್ತಬೇಕಿತ್ತು, ಜಾಗ್ವಾರ್ ಇನ್ನೂ ಮುಂದೆ ಹೋಗಿ ಒತ್ತಬಹುದಿತ್ತು.

ಈ ಅಂತರಕ್ಕೆ ಕರಾಳ ಮುಖವೂ ಇದೆ. 1955ರ ಜೂನ್ 11ರಂದು ಅದೇ ಲ ಮಾನ್‌ನಲ್ಲಿ ಮೈಕ್ ಹಾಥಾರ್ನ್ ತಮ್ಮ ಡಿಸ್ಕ್ ಬ್ರೇಕಿನ ಜಾಗ್ವಾರನ್ನು ಪಿಟ್ ಬಳಿ ನಿಲ್ಲಿಸಲು ಬ್ರೇಕ್ ಹಾಕಿದರು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಅವರ ಆಸ್ಟಿನ್–ಹೀಲಿ ಪಕ್ಕಕ್ಕೆ ಸರಿಯಿತು. ಅತಿವೇಗದಲ್ಲಿ ಬರುತ್ತಿದ್ದ ಪಿಯರ್ ಲೆವೆಗ್ ಅವರ ಮರ್ಸಿಡಿಸ್ ಅದಕ್ಕೆ ಬಡಿದು ಪ್ರೇಕ್ಷಕರತ್ತ ಸಿಡಿಯಿತು. ಲೆವೆಗ್ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಮರ್ಸಿಡಿಸ್‌ಗಿದ್ದದ್ದು ಡ್ರಮ್ ಬ್ರೇಕು. ದುರಂತಕ್ಕೆ ಅದೊಂದೇ ಕಾರಣವೆನ್ನುವುದು ತಪ್ಪು. ಇಕ್ಕಟ್ಟಾದ ರಸ್ತೆ, ಪ್ರೇಕ್ಷಕರಿಗೆ ಸಾಲದ ರಕ್ಷಣೆ ಎಲ್ಲವೂ ಸೇರಿದ್ದವು. ಆದರೆ ಒಂದೇ ರಸ್ತೆಯಲ್ಲಿ ನಿಲ್ಲುವ ಶಕ್ತಿ ಬೇರೆ ಬೇರೆಯಾಗಿದ್ದ ಕಾರುಗಳು ಒಟ್ಟಿಗೆ ಓಡುತ್ತಿದ್ದವು ಎಂಬುದಂತೂ ನಿಜ.

ಮುಂದೆ ಬದಲಾವಣೆ ಬೇಗ ಬಂತು. 1955ರಲ್ಲಿ ಸಿಟ್ರೊಯೆನ್ ಡಿಎಸ್, 1956ರಲ್ಲಿ ಟ್ರಯಂಫ್ ಟಿಆರ್3, 1957ರಲ್ಲಿ ಜಾಗ್ವಾರ್ ಎಕ್ಸ್‌ಕೆ 150 ಡಿಸ್ಕ್ ಬ್ರೇಕನ್ನು ಸಾಮಾನ್ಯ ರಸ್ತೆಗೆ ತಂದವು.

ಹಾಗಾದರೆ ಅದಕ್ಕೂ ಮೊದಲಿನ ಎಕ್ಸ್‌ಕೆ 120ರ ಗತಿಯೇನು? ಅಂಥ ಕಾರುಗಳ ಮಾಲೀಕರಲ್ಲಿ ಹಲವರು ಇಂದು ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸುತ್ತಾರೆ. ಇದು ಬರಿಯ ತಟ್ಟೆ ಬದಲಿಸುವ ಕೆಲಸವಲ್ಲ. ತಿರುಗುವ ಡ್ರಮ್ ತಾನೇ ಶೂವನ್ನು ಒಳಗೆಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ, ಡಿಸ್ಕಿಗೆ ಆ ಗುಣವಿಲ್ಲ. ಆದ್ದರಿಂದ ಕಾಲಿಗೆ ನೆರವಾಗಲು ಸರ್ವೊ ಬೇಕಾಗುತ್ತದೆ. ಮಾಸ್ಟರ್ ಸಿಲಿಂಡರ್ ಹೊಂದಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ಹಿಡಿತ ಸರಿತೂಗದಿದ್ದರೆ ಹಿಂಭಾಗ ಜಾರುತ್ತದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವುದರಿಂದ ಡ್ರಮ್ ಬಿಚ್ಚುವಾಗ ಅದರ ಧೂಳನ್ನು ಊದಿ ಹಾರಿಸುವುದೂ ಅಪಾಯ.

ಇಲ್ಲೊಂದು ವಾದವಿದೆ. ಬ್ರೇಕ್ ಬದಲಿಸಿದರೆ ಅದು 1948ರ ಕಾರೇ? ನಮ್ಮಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕಷ್ಟೇ ಆ ಮಾನ್ಯತೆ ನೀಡುತ್ತದೆ. ಮುಖ್ಯವಾಗಿ ಅದು ಎತ್ತಿ ಹೇಳುವುದು ಷಾಸಿ, ಬಾಡಿ ಮತ್ತು ಎಂಜಿನ್ನನ್ನು. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೆ ಡ್ರಮ್ಮೇ ಇರಲಿ, ಅದು ಆ ಕಾಲದ ಸಾಕ್ಷಿ. ರಸ್ತೆಗಿಳಿಯುವ ಕಾರಿನ ಮಾತು ಬೇರೆ. ಅದರ ಮುಂದೆ ಹೋಗುವ ಇಂದಿನ ಕಾರು ತಟ್ಟನೆ ನಿಲ್ಲುತ್ತದೆ, ರಸ್ತೆ ದಾಟುವ ಮಗುವಿಗೆ ಕಾರಿನ ವಯಸ್ಸು ಗೊತ್ತಿರುವುದಿಲ್ಲ.

ಜಾಣ ಮಾಲೀಕರು ನಡುದಾರಿ ಹಿಡಿದಿದ್ದಾರೆ. ಮೂಲ ಲೋಹವನ್ನು ಕೊರೆಯದೆ, ಮತ್ತೆ ಬಿಚ್ಚಲು ಬರುವಂತೆ ಡಿಸ್ಕ್ ಜೋಡಿಸುತ್ತಾರೆ. ತೆಗೆದ ಡ್ರಮ್ಮುಗಳಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡುತ್ತಾರೆ. ಇತಿಹಾಸವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.