ಹೆಪ್ಪಿನ ವಂಶಾವಳಿ

ಕಳೆದ ಮಳೆಗಾಲದಲ್ಲಿ ಶಂಕರಘಟ್ಟದ ನಮ್ಮ ಮನೆಯಲ್ಲಿ ಒಂದು ವಂಶ ಅಳಿಯುವುದರಲ್ಲಿತ್ತು. ಹದಿನೈದು ದಿನ ಪರಸ್ಥಳದಲ್ಲಿದ್ದು ಮರಳಿದಾಗ, ತೀರಿಹೋದ ಅಮ್ಮನ ಕಾಲದಿಂದ ನಡೆದುಬಂದಿದ್ದ ಹೆಪ್ಪು ಕೆಟ್ಟಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ರೂಢಿಯನ್ನು ಮೀರಿ ನೆರೆಮನೆಯಾಕೆ ಒಂದು ಬಟ್ಟಲು ಮೊಸರು ತಂದರು. "ಇದು ನಿಮ್ಮ ಅಮ್ಮ ಕೊಟ್ಟದ್ದೇ" ಎಂದರು.

ಮೊಸರಿನ ಈ ಬಾಳುವೆ ಕನ್ನಡಕ್ಕೆ ಹಳೆಯದು. ಸುಮಾರು 1025ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ (ಶ್ರವಣಬೆಳಗೊಳದವನಲ್ಲ, ಈತ ಬೇರೆ) ತನ್ನ 'ಲೋಕೋಪಕಾರ'ದಲ್ಲಿ ಇಡ್ಲಿಯ ಕ್ರಮ ಹೇಳುತ್ತಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಅರೆದು, ಮೊಸರಿನ ತಿಳಿನೀರು ಬೆರೆಸಬೇಕು. ಆ ಹುಳಿಯಲ್ಲಿ ಜೀವಿಗಳಿವೆಯೆಂದು ಆತನಿಗೆ ತಿಳಿದಿರಲಿಲ್ಲ. 1905ರಲ್ಲಿ ಬಲ್ಗೇರಿಯದ ಗ್ರಿಗೊರೊವ್ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅವನ್ನು ಕಂಡ. 1908ರಲ್ಲಿ ನೊಬೆಲ್ ಬಹುಮಾನ ಪಡೆದ ಮೆಚ್ನಿಕಾಫ್ ಮೊಸರಿನಿಂದ ದೀರ್ಘಾಯುಷ್ಯವೆಂದು ಸಾರಿದ. ಆಯುಷ್ಯದ ಆ ಮಾತು ಸಿದ್ಧವಾಗಲಿಲ್ಲ. ಆದರೆ ಈ ಜೀವಿಗಳು ಹಾಲಿನ ಸಕ್ಕರೆಯನ್ನು ಅರಗಿಸಿಕೊಡುವುದರಿಂದ, ಹಾಲು ಒಗ್ಗದ ಎಷ್ಟೋ ಹೊಟ್ಟೆಗಳಿಗೆ ಮೊಸರು ಒಗ್ಗುತ್ತದೆಂಬುದು ದಿಟ. ಕುದಿಗೆ ಅವು ಸಾಯುತ್ತವೆ; ಹಾಲು ಉಗುರುಬೆಚ್ಚಗಾಗುವವರೆಗೆ ಅಮ್ಮ ಹೆಪ್ಪಿಗೆ ಕೈಹಾಕುತ್ತಿರಲಿಲ್ಲ.

ಅರಸರ ವಂಶಾವಳಿಗಳನ್ನು ಶಾಸನಗಳಿಂದ ಓದಿ ಪಾಠ ಹೇಳುವವನು ನಾನು. ಹೆಪ್ಪಿನ ವಂಶವನ್ನು ಬರೆದಿಟ್ಟವರಿಲ್ಲ. ಕೇಳಿದವರಿಗೆ ಕೊಟ್ಟದ್ದರಿಂದಲೇ ಅದು ಉಳಿಯಿತು. ಮರುದಿನ ಬೆಳಿಗ್ಗೆ ನಮ್ಮ ಪಾತ್ರೆಯಲ್ಲಿ ಮೊಸರು ಗಟ್ಟಿಯಾಗಿತ್ತು. ಈಗ ನಮ್ಮಲ್ಲಿ ದೀಪ ಹಚ್ಚಿದ ಮೇಲೂ ಹೆಪ್ಪು ಕೊಡುತ್ತೇವೆ.